ಮೊದಲ ಹಳೇ ಜಪಾನ್ ಕಾರು: ಎಸ್‌ಎಸ್80, ಸಿಟಿ ವಿಟೆಕ್, ಜಿಪ್ಸಿ, ಯಾವುದು ತಗೊಳ್ಳಲಿ?

ಓದುಗರ ಪ್ರಶ್ನೆ: "ಸರ್ ನಮಸ್ಕಾರ. ನಂದು ದಾವಣಗೆರೆ, ಈಗ ಬೆಂಗಳೂರಲ್ಲಿ ಕೆಲಸ, ವಯಸ್ಸು 29. ಚಿಕ್ಕವನಿದ್ದಾಗ ನಮ್ ದೊಡ್ಡಪ್ಪನ ಹತ್ರ ಹಳೇ ಮಾರುತಿ 800 ಇತ್ತು, ಅದರಲ್ಲಿ ಕೂತು ಸ್ಟೇರಿಂಗ್ ಹಿಡ್ಕೊಂಡು ಆಟ ಆಡ್ತಿದ್ದೆ, ಆ ಸೀಟಿನ ವಾಸನೆ ಇನ್ನೂ ನೆನಪಿದೆ. ಈಗ ನಂದೇ ಒಂದು ಹಳೇ ಜಪಾನ್ ಕಾರು ಬೇಕು ಅಂತ 4 ಲಕ್ಷ ಕೂಡಿಟ್ಟಿದೀನಿ. ಮೂರು ಗಾಡಿ ಕಣ್ಣಿಗೆ ಬಿದ್ದಿದೆ. ಒಂದು ಮಂಗಳೂರಲ್ಲಿ 1985ರ ಎಸ್‌ಎಸ್80, ಅಂದ್ರೆ ಮೊಟ್ಟಮೊದಲ ಮಾಡೆಲ್ ಮಾರುತಿ 800, ಕೆಂಪು, ಹೊಸ ಪೇಂಟ್, ಫೋಟೋದಲ್ಲಿ ಶೋರೂಮಿಂದ ಬಂದಂಗಿದೆ, 3.5 ಲಕ್ಷ ಹೇಳ್ತಿದಾರೆ. ಎರಡನೇದು ಇಲ್ಲೇ ಬೆಂಗಳೂರಲ್ಲಿ 2001ರ ಹೋಂಡಾ ಸಿಟಿ ವಿಟೆಕ್, ಸೈಲೆನ್ಸರ್, ಸಸ್ಪೆನ್ಷನ್ ಎಲ್ಲಾ ಚೇಂಜ್ ಮಾಡ್ಸಿದಾರೆ, 2.4 ಲಕ್ಷ. ಮೂರನೇದು ಮಡಿಕೇರಿ ಹತ್ರ ಎಸ್ಟೇಟಲ್ಲಿರೋ 1997ರ ಮಾರುತಿ ಜಿಪ್ಸಿ ಜೀಪು, 3.8 ಲಕ್ಷ. ಫ್ರೆಂಡ್ಸ್ ಕೇಳಿದ್ರೆ 'ಜಪಾನ್ ಇಂಜಿನ್ ಸಾಯಲ್ಲ ಕಣೋ, ಕಣ್ಮುಚ್ಕೊಂಡು ತಗೋ' ಅಂತಾರೆ. ಅಪ್ಪ '15 ವರ್ಷ ಆದ್ಮೇಲೆ ಗೌರ್ಮೆಂಟ್‌ನವರೇ ಸ್ಕ್ರ್ಯಾಪಿಗೆ ಹಾಕ್ತಾರೆ, ದುಡ್ಡು ನೀರಲ್ಲಿ ಹೋಮ' ಅಂತಾರೆ. ಆಫೀಸಲ್ಲಿ ಒಬ್ರು ಎಥನಾಲ್ ಪೆಟ್ರೋಲಿಗೆ ಹಳೇ ಇಂಜಿನ್ ಒಂದೇ ವರ್ಷ ಅಂತ ಹೆದರಿಸಿದಾರೆ. ಸುಮ್ನೆ ಜಪಾನಿಂದಾನೇ ಒಂದು ಹಳೇದು ತರಿಸೋಕಾಗಲ್ವಾ ಅಂತಾನೂ ಅನ್ಸತ್ತೆ. ಭಾನುವಾರ ಮಂಗಳೂರಿಗೆ ಹೋಗಿ ಅಡ್ವಾನ್ಸ್ ಕೊಟ್ಟು ಬರೋಣ ಅಂತಿದೀನಿ. ಏನ್ ಹೇಳ್ತೀರಾ?"

ಭಾನುವಾರ ಖಂಡಿತ ಹೋಗಿ ಬನ್ನಿ, ಆದ್ರೆ ಅಡ್ವಾನ್ಸ್ ಮಾತ್ರ ಕೊಡ್ಬೇಡಿ, ಅಷ್ಟನ್ನ ಮೊದ್ಲೇ ಹೇಳ್ಬಿಡ್ತೀನಿ. ಯಾಕೆ ಅಂತ ನಿಧಾನಕ್ಕೆ ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ, ಕೂತ್ಕೊಂಡು ಓದಿ.

ನಿಮ್ಮ ಭಯ ನಂಗೆ ಅರ್ಥ ಆಗತ್ತೆ. ಕೂಡಿಟ್ಟ ದುಡ್ಡು, ಚಿಕ್ಕಂದಿನ ಆಸೆ, ಸುತ್ತ ನಾಲ್ಕು ಜನ ನಾಲ್ಕು ಥರ ಮಾತಾಡ್ತಿದಾರೆ. ನಾನು 26 ವರ್ಷದಿಂದ ಬೆಂಗಳೂರಲ್ಲಿ ಗ್ಯಾರೇಜ್ ನಡೆಸ್ತಿದೀನಿ, ಅದ್ರಲ್ಲಿ ಹದಿನೈದು ವರ್ಷದಿಂದ ಹೆಚ್ಚಾಗಿ ಹಳೇ ಸುಝುಕಿ, ಹೋಂಡಾನೇ ನಮ್ ಹತ್ರ ಬರೋದು. ಅಷ್ಟು ವರ್ಷದಲ್ಲಿ ಇಂಜಿನ್ ಹೋಯ್ತು ಅಂತ ಹಳೇ ಕಾರು ಬಿಟ್ಟುಕೊಟ್ಟವರನ್ನ ಕೈಬೆರಳಲ್ಲಿ ಎಣಿಸ್ಬಹುದು. ಬಾಡಿ ತುಕ್ಕು ಹಿಡಿದು, ಇಲ್ಲಾ ಆರ್‌ಸಿ ಸರಿ ಇಲ್ದೆ ಸೋತು ಮಾರಿದವರೇ ಜಾಸ್ತಿ. ಹಾಗಾಗಿ ನಿಮ್ ಫ್ರೆಂಡ್ಸ್ ಹೇಳಿದ ಮಾತಲ್ಲಿ ಅರ್ಧ ನಿಜ. ಇಂಜಿನ್ ಸಾಯಲ್ಲ, ಸತ್ರೂ ಎಬ್ಬಿಸ್ಬಹುದು. ಆ ಎಸ್‌ಎಸ್80ಯಲ್ಲಿರೋ ಎಫ್8ಬಿ ಇಂಜಿನ್, 796 ಸಿಸಿ, ಮೂರು ಸಿಲಿಂಡರ್, ಇದೇ ಇಂಜಿನ್ ಕುಟುಂಬ 800ರಲ್ಲಿ 2014ರವರೆಗೂ ಬಂತು, ಓಮ್ನಿಯಲ್ಲಿ 2019ರವರೆಗೂ ಬಂತು. ರಿಂಗು, ಪಿಸ್ಟನ್, ಬೇರಿಂಗು, ಗ್ಯಾಸ್ಕೆಟ್ಟು ಜೆಸಿ ರೋಡಲ್ಲಿ ಯಾವ ಅಂಗಡಿಗೆ ಹೋದ್ರೂ ಸಿಗತ್ತೆ. ನಮ್ಮಲ್ಲಿ 35-40 ಸಾವಿರದಲ್ಲಿ ಪೂರ್ತಿ ಇಂಜಿನ್ ಕೆಲಸ ಮುಗಿಯತ್ತೆ. ಆದ್ರೆ ಅದೇ ಎಸ್‌ಎಸ್80ಯ ಹಿಂದಿನ ಲೈಟು ಒಡೆದ್ರೆ, ಡ್ಯಾಶ್‌ಬೋರ್ಡ್ ಸೀಳಿದ್ರೆ, ಬಾಗಿಲಿನ ಗ್ಲಾಸ್ ಹೋದ್ರೆ ಎಲ್ಲಿ ಹುಡುಕ್ತೀರಾ? ಆ ಬಾಡಿ ಬಂದಿದ್ದು 1983ರ ಡಿಸೆಂಬರಿಂದ 1986ರವರೆಗೆ ಅಷ್ಟೇ, ಆಮೇಲೆ 800ಕ್ಕೆ ಹೊಸ ಬಾಡಿ ಬಂತು, ಒಂದಕ್ಕೊಂದು ಹೊಂದಲ್ಲ. ಆ ಪೀಸಿಗೆ ಶಿವಾಜಿನಗರದ ಗುಜರಿಯಲ್ಲಿ ತಿಂಗಳುಗಟ್ಲೆ ಅಲೀಬೇಕು, ಸಿಕ್ಕಿದ್ರೂ ಅವ್ನು ಹೇಳಿದ್ದೇ ರೇಟು.

ಈಗ ಬಾಡಿ ವಿಷ್ಯಕ್ಕೆ ಬರ್ತೀನಿ, ಯಾಕಂದ್ರೆ ನೀವು ನೋಡಿರೋ ಮೊದಲ ಗಾಡಿ ಮಂಗಳೂರದ್ದು.

ಮಂಗಳೂರಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಮೇಲೆ ಮಳೆ, ಮೇಲಿಂದ ಸಮುದ್ರದ ಉಪ್ಪು ಗಾಳಿ. ವಿಜಯಪುರದ ಕಡೆ ಬರೀ 600ರ ಆಸುಪಾಸು. 40 ವರ್ಷ ಈ ಎರಡು ಊರಲ್ಲಿ ನಿಂತ ಒಂದೇ ಮಾಡೆಲ್ ಗಾಡೀನ ಅಕ್ಕಪಕ್ಕ ನಿಲ್ಲಿಸಿದ್ರೆ ಒಂದೇ ಕಂಪನಿ ಗಾಡಿ ಅಂತ ನಂಬೋಕಾಗಲ್ಲ. ಆ ಕಾಲದ ಶೀಟಿಗೆ ಈಗಿನ ಥರ ಸತುವಿನ ಕೋಟಿಂಗ್ ಇರ್ಲಿಲ್ಲ, ಎಸ್‌ಎಸ್80 ಅಂತೂ ತೂಕಾನೇ 600 ಕೇಜಿ ಚಿಲ್ಲರೆ, ಎಷ್ಟು ತೆಳ್ಳಗಿನ ಶೀಟು ಅಂತ ನೀವೇ ಯೋಚ್ನೆ ಮಾಡಿ. ಮತ್ತೆ ತುಕ್ಕು ಹೊರಗಿಂದ ಒಳಕ್ಕೆ ಹೋಗತ್ತೆ ಅಂತ ಎಲ್ರೂ ಅಂದ್ಕೊಂಡಿದಾರೆ. ಜಾಸ್ತಿ ಸಲ ಅದು ಶುರುವಾಗೋದೇ ಒಳಗಿಂದ. ಮುಂದಿನ ಗ್ಲಾಸಿನ ರಬ್ಬರ್ ಒಣಗಿ ಸೀಳು ಬಿಡತ್ತೆ, ಅಲ್ಲಿಂದ ನೀರು ಇಳಿದು ಕಾರ್ಪೆಟ್ ಕೆಳಗೆ ನಿಲ್ಲತ್ತೆ, ಬಾಗಿಲ ಕೆಳಗಿನ ಉದ್ದದ ಪಟ್ಟಿ ಇದ್ಯಲ್ಲ, ಅದು ಒಳಗೆ ಟೊಳ್ಳು ಪೆಟ್ಟಿಗೆ ಥರ ಇರತ್ತೆ, ಅದರ ತಳದಲ್ಲಿ ನೀರು ಹೋಗೋಕೆ ಸಣ್ಣ ತೂತು ಕೊಟ್ಟಿರ್ತಾರೆ, ಆ ತೂತಿಗೆ ಮಣ್ಣು ಕಟ್ಕೊಂಡ್ರೆ ಮುಗೀತು, ವರ್ಷಾನುಗಟ್ಲೆ ಒದ್ದೆ ಮಣ್ಣು ಒಳಗೇ ಕೂತ್ಕೊಂಡು ಶೀಟನ್ನ ತಿನ್ನತ್ತೆ. ಹೊರಗಡೆ ಪೇಂಟಲ್ಲಿ ಒಂದು ಸಣ್ಣ ಗುಳ್ಳೆ ಕಾಣೋ ಹೊತ್ತಿಗೆ ಒಳಗೆ ಅಂಗೈಯಗಲ ಶೀಟೇ ಇರಲ್ಲ.

ಕೆಲವು ವರ್ಷದ ಹಿಂದೆ ಒಬ್ಬ ಹುಡುಗ ಆಗ ತಾನೇ ತಗೊಂಡ ಹಳೇ 800 ತಗೊಂಡು ಬಂದ, ಬೆಳ್ಳಿ ಬಣ್ಣ, ಮುಖ ನೋಡ್ಕೋಬಹುದು ಅಷ್ಟು ಹೊಳಪು. ಬಲಗಡೆ ಬಾಗಿಲು ತೆಗೆಯುವಾಗ ಸ್ವಲ್ಪ ಕೆಳಕ್ಕೆ ಜೋತಾಡ್ತಿದೆ, ಹಿಂಜ್ ಟೈಟ್ ಮಾಡಿಕೊಡಿ ಅಂದ. ಜಾಕ್ ಹಾಕಿದ್ವಿ, ಜಾಕ್ ಮೇಲಕ್ಕೆ ಬಂತು, ಗಾಡಿ ಏಳ್ಲಿಲ್ಲ, ಜಾಕಿನ ತಲೆ ಶೀಟೊಳಗೆ ಹೊಕ್ಕಿತ್ತು. ಸ್ಕ್ರೂಡ್ರೈವರಲ್ಲಿ ಕೆರೆದ್ರೆ ಮೊದ್ಲು ಪೇಂಟು, ಅದರ ಹಿಂದೆ ಬೆರಳು ದಪ್ಪ ಪುಟ್ಟಿ, ಪುಟ್ಟಿ ಹಿಂದೆ ಏನಿತ್ತು ಅಂದ್ರೆ ಮಡಚಿ ತುರುಕಿದ್ದ ನ್ಯೂಸ್‌ಪೇಪರ್. ಕನ್ನಡ ಪೇಪರ್ರು, ಕ್ರಿಕೆಟ್ ಸುದ್ದಿ ಪುಟ, ಸ್ಕೋರ್ ಓದೋಕೆ ಬರ್ತಿತ್ತು. ಆ ಹುಡುಗ ಅಲ್ಲೇ ಸ್ಟೂಲ್ ಮೇಲೆ ಕೂತ್ಬಿಟ್ಟ. ಗಾಡಿಗೆ ಕೊಟ್ಟಿದ್ದು 1.8 ಲಕ್ಷ, ಎರಡೂ ಕಡೆ ಶೀಟ್ ಕತ್ತರಿಸಿ ಹೊಸದು ವೆಲ್ಡ್ ಮಾಡಿ ಟಿಂಕರಿಂಗ್, ಪೇಂಟ್ ಅಂತ ಮತ್ತೆ 1.3 ಲಕ್ಷ ಆಯ್ತು. ಅವತ್ತಿಂದ ಹೊಸ ಪೇಂಟಿನ ಹಳೇ ಗಾಡಿ ಅಂದ್ರೆ ನಂಗೆ ಖುಷಿಗಿಂತ ಮೊದ್ಲು ಅನುಮಾನ ಬರತ್ತೆ. ಮಾಸಿದ ಪೇಂಟು, ಅಲ್ಲಲ್ಲಿ ಗೀರು ಇರೋ ಗಾಡಿ ಸಾವಿರ ಪಾಲು ಮೇಲು, ಅದು ಏನನ್ನೂ ಮುಚ್ಚಿಟ್ಟಿರಲ್ಲ.

ಅದಕ್ಕೆ ಮಂಗಳೂರಿಗೆ ಹೋಗುವಾಗ ಒಂದು ಒಳ್ಳೇ ಟಾರ್ಚು, ಒಂದು ಫ್ರಿಜ್ ಮ್ಯಾಗ್ನೆಟ್ಟು, ಹಳೇ ಬಟ್ಟೆ, ನೆಲದಲ್ಲಿ ಮಲಗೋಕೆ ಒಂದು ಚಾಪೆ ತಗೊಂಡು ಹೋಗಿ. ಮ್ಯಾಗ್ನೆಟ್ಟಿಗೆ ತೆಳ್ಳಗಿನ ಬಟ್ಟೆ ಸುತ್ತಿ, ಪೇಂಟ್ ಗೀಚಬಾರ್ದು ನೋಡಿ. ಚಕ್ರದ ಮೇಲಿನ ಕಮಾನು, ಬಾಗಿಲ ಕೆಳಗಡೆ, ಡಿಕ್ಕಿ ಅಂಚು, ಎಲ್ಲಾ ಕಡೆ ನಿಧಾನಕ್ಕೆ ಎಳೀರಿ. ಒಂದು ಕಡೆ ಗಟ್ಟಿಯಾಗಿ ಕಚ್ಚಿ ಇನ್ನೊಂದು ಕಡೆ ಜಾರಿ ಬಿದ್ರೆ ಅಲ್ಲಿ ಪುಟ್ಟಿ. ಬೆರಳ ಗಂಟಲ್ಲಿ ತಟ್ಟಿ, ಶೀಟು ಟಣ್ ಅನ್ನತ್ತೆ, ಪುಟ್ಟಿ ದಬ್ ಅನ್ನತ್ತೆ, ಹಲಸಿನ ಹಣ್ಣು ತಟ್ಟಿ ನೋಡ್ತಾರಲ್ಲ ಹಾಗೆ. ಆಮೇಲೆ ಕಾರ್ಪೆಟ್ ಎತ್ತಿಸಿ. ಸ್ಟೆಪ್ನಿ ತೆಗೆಸಿ ಅದರ ಗುಂಡಿ ನೋಡಿ. ಬಾನೆಟ್ ಎತ್ತಿ ಎರಡೂ ಕಡೆ ಸಸ್ಪೆನ್ಷನ್ ಬಂದು ಕೂರೋ ಜಾಗ, ಬ್ಯಾಟರಿ ಕೆಳಗಿನ ತಟ್ಟೆ ನೋಡಿ, ಬ್ಯಾಟರಿ ಆಸಿಡ್ ಚೆಲ್ಲಿ ಅಲ್ಲಿ ತಿಂದಿರತ್ತೆ. ಕಂಪನಿಯಲ್ಲಿ ಹಾಕಿದ ಸ್ಪಾಟ್ ವೆಲ್ಡು ಗುಂಡಗೆ, ಒಂದೇ ಅಂತರದಲ್ಲಿ, ಹೊಲಿಗೆ ಹಾಕಿದಂಗೆ ಸಾಲಾಗಿ ಇರತ್ತೆ, ಅದು ಎಲ್ಲಿ ಮಾಯ ಆಗಿದ್ಯೋ ಅಲ್ಲಿ ಟಿಂಕರ್ ಕೈ ಆಡಿಸಿದಾನೆ ಅಂತ. ತಳಕ್ಕೆ ಹೊಸದಾಗಿ ಕಪ್ಪು ಅಂಡರ್‌ಕೋಟಿಂಗ್ ಹೊಡೆದಿದ್ರೆ 'ಅಬ್ಬಾ ಎಷ್ಟ್ ಚೆನ್ನಾಗಿ ನೋಡ್ಕೊಂಡಿದಾರೆ' ಅನ್ಬೇಡಿ, ಅದನ್ನ ಹೊಡೆಯೋಕೆ ಮುಂಚೆ ತೆಗೆದ ಫೋಟೋ ಕೇಳಿ. ಗಾಡಿ ಮೇಲೆ ನಿಜವಾಗ್ಲೂ ಪ್ರೀತಿ ಇಟ್ಟು ಕೆಲಸ ಮಾಡ್ಸಿದವ್ನ ಹತ್ರ ಫೋಟೋ ಇದ್ದೇ ಇರತ್ತೆ, ಕೇಳೋಕೆ ಮುಂಚೆ ಅವನೇ ತೋರಿಸ್ತಾನೆ.

ಅಪ್ಪ ಹೇಳಿದ 15 ವರ್ಷದ ಮಾತು. ಅವರನ್ನ ತಪ್ಪು ಅನ್ನೋಕಾಗಲ್ಲ, ಟಿವಿಯಲ್ಲಿ ದೆಲ್ಲಿ ಸುದ್ದಿ ನೋಡಿ ಎಲ್ರೂ ಹಾಗೇ ತಿಳ್ಕೊಂಡಿದಾರೆ. 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಅನ್ನೋ ಗಲಾಟೆ ದೆಲ್ಲಿ ಮತ್ತೆ ಅದರ ಸುತ್ತಲಿನ ಜಾಗಕ್ಕೆ ಸೇರಿದ್ದು. ನಮ್ ಕರ್ನಾಟಕದಲ್ಲಿ ಸ್ವಂತ ಕಾರಿಗೆ 15 ವರ್ಷ ಆದ್ರೆ ಆರ್‌ಟಿಓಗೆ ಗಾಡಿ ತೋರಿಸಿ, ಎಫ್‌ಸಿ (ಗಾಡಿ ಓಡಿಸೋಕೆ ಯೋಗ್ಯ ಅನ್ನೋ ಫಿಟ್ನೆಸ್ ಸರ್ಟಿಫಿಕೇಟ್) ಮಾಡಿಸಿ, ಗ್ರೀನ್ ಟ್ಯಾಕ್ಸ್ ಕಟ್ಟಿ 5 ವರ್ಷಕ್ಕೆ ರಿನ್ಯೂವಲ್ ತಗೋಬಹುದು, ಮತ್ತೆ 5, ಮತ್ತೆ 5, ಗಾಡಿ ಪಾಸಾಗ್ತಿದ್ರೆ ಆಯ್ತು. ಖರ್ಚು ಜಾಸ್ತಿ ಆಗಿದೆ ಅನ್ನೋದು ನಿಜ. ಮೊದ್ಲು 600 ರೂಪಾಯಿ ಇದ್ದ ರಿನ್ಯೂವಲ್ ಫೀಸು 2022ರ ಏಪ್ರಿಲಿಂದ 5,000 ಆಯ್ತು, 2025ರ ಆಗಸ್ಟಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದ್ರು. ನೀವು ನೋಡಿರೋ ಮೂರೂ 20 ದಾಟಿದವೇ.

ಇಲ್ಲೊಂದು ಲೆಕ್ಕ ಹಾಕ್ಕೊಳ್ಳಿ. 1985ರ ಗಾಡಿ ಅಂದ್ರೆ ಮೊದಲ ಆರ್‌ಸಿ 2000ದವರೆಗೆ, ಆಮೇಲೆ 2005, 2010, ಹಾಗೇ 2025. 2001ರ ಸಿಟಿ 2016, 2021, 2026. ಜಿಪ್ಸಿ 2012, 2017, 2022, 2027. ಈ ಸಾಲಲ್ಲಿ ಎಲ್ಲೋ ಒಂದು ಕಡೆ ರಿನ್ಯೂವಲ್ ನಿಂತು ಹೋಗಿದ್ರೆ ತಡ ಆದ ಪ್ರತಿ ತಿಂಗಳಿಗೆ 500 ರೂಪಾಯಿ ಸೇರತ್ತೆ, 5 ವರ್ಷ ಮಲಗಿಸಿದ ಗಾಡಿ ಅಂದ್ರೆ ಅದೇ 30,000. ಮಾರೋರು ಇದನ್ನ 'ಸಣ್ಣ ಪೇಪರ್ ವರ್ಕ್ ಇದೆ ಅಷ್ಟೇ' ಅಂತಾರೆ. ಹಾಗಂದ್ರೆ ಆ ಸಣ್ಣ ಪೇಪರ್ ವರ್ಕ್ ಅವರೇ ಮುಗಿಸಿ ಕೊಡ್ಲಿ, ಆಮೇಲೆ ದುಡ್ಡು. ಎಸ್‌ಎಸ್80ಗೆ ಇನ್ನೊಂದು ತೊಡಕಿದೆ, ಕೆಎ ನಂಬರ್ ಬರೋಕೆ ಮುಂಚಿನ ಕಾಲದ ಗಾಡಿ ಅದು, ದಾಖಲೆ ಆರ್‌ಟಿಓದ ಹಳೇ ಲೆಡ್ಜರಲ್ಲಿ ಕೈಬರಹದಲ್ಲಿರತ್ತೆ. ಸಾರಿಗೆ ಇಲಾಖೆಯ ವಾಹನ್ ಅನ್ನೋ ಕಂಪ್ಯೂಟರ್ ಸಿಸ್ಟಮ್ಮಲ್ಲಿ ನಂಬರ್ ಹೊಡೆದು ನೋಡಿ, ಬಂದ್ರೆ ಸಂತೋಷ. ಬರ್ಲಿಲ್ಲ ಅಂದ್ರೆ ಬ್ಯಾಕ್‌ಲಾಗ್ ಎಂಟ್ರಿ, ಅಂದ್ರೆ ಹಳೇ ದಾಖಲೆನ ಕಂಪ್ಯೂಟರಿಗೆ ಸೇರಿಸೋದು, ಮಾಡಿಸ್ಬೇಕು, ಅಲ್ಲೀವರೆಗೂ ನಿಮ್ಮ ಹೆಸರಿಗೆ ವರ್ಗಾವಣೆ ಆಗಲ್ಲ, ಹೊಸ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟೂ ಸಿಗಲ್ಲ. ಓನರ್ ತೀರ್ಕೊಂಡು ಮಕ್ಕಳು ಮಾರ್ತಿದ್ರೆ ಮೊದ್ಲು ಅವರ ಹೆಸರಿಗೆ ಆಗ್ಬೇಕು. ಹಳೇ ಬ್ಯಾಂಕ್ ಸಾಲ ತೀರಿಸಿದ್ರೂ ಆರ್‌ಸಿಯಲ್ಲಿ ಹೈಪೋಥಿಕೇಶನ್, ಅಂದ್ರೆ ಗಾಡಿ ಬ್ಯಾಂಕಿಗೆ ಅಡ ಇದೆ ಅನ್ನೋ ನಮೂದು, ಹಾಗೇ ಉಳಿದಿರತ್ತೆ, ಆ ಬ್ಯಾಂಕೇ ಈಗ ಇನ್ನೊಂದರಲ್ಲಿ ವಿಲೀನ ಆಗಿರತ್ತೆ, ಆ ನಮೂದು ತೆಗೆಸೋ ಫಾರ್ಮ್ 35 ತರೋಕೆ ಮಾರೋರೇ ಓಡಾಡ್ಬೇಕು, ನೀವಲ್ಲ.

'ವಿಂಟೇಜ್ ಗಾಡಿ ಸರ್, ಇದಕ್ಕೆ ಎಫ್‌ಸಿ ಬೇಡ' ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. 2021ರಲ್ಲಿ ಬಂದ ಕೇಂದ್ರದ ನಿಯಮದಲ್ಲಿ ವಿಂಟೇಜ್ ಅಂದ್ರೆ 50 ವರ್ಷ ದಾಟಿರ್ಬೇಕು. ನಮ್ ದೇಶದ ಮೊಟ್ಟಮೊದಲ ಮಾರುತಿಗೇ 2033ಕ್ಕೆ 50 ತುಂಬೋದು. ಜಪಾನಿಂದ ತರಿಸೋ ಆಸೆಗೂ ಉತ್ತರ ಇಲ್ಲೇ ಇದೆ. ನಮ್ಮಲ್ಲಿ ಬಳಸಿದ ಕಾರು ಆಮದು ಮಾಡ್ಬೇಕಂದ್ರೆ ಅದು ತಯಾರಾಗಿ 3 ವರ್ಷ ಮೀರಿರಬಾರದು, ಮೇಲಿಂದ ಕಾರಿನ ಬೆಲೆಯನ್ನೂ ಮೀರಿಸೋ ಸುಂಕ. ಅಮೆರಿಕದಲ್ಲಿರೋ ನಮ್ಮವರು 25 ವರ್ಷ ಆದ ಜಪಾನ್ ಗಾಡಿ ತರಿಸ್ಕೊಳ್ತಾರೆ, ಅಲ್ಲಿನ ಕಾನೂನು ಬೇರೆ. ನಮಗೆ ಜಪಾನ್ ಕ್ಲಾಸಿಕ್ ಅಂದ್ರೆ ಇಲ್ಲೇ ಜೋಡಿಸಿದ್ದು, ಮಾರುತಿ ಸುಝುಕಿ, 1998ರಲ್ಲಿ ಬಂದ ಸಿಟಿ, ಲ್ಯಾನ್ಸರು, ನಮ್ ಬಿಡದಿಯಲ್ಲೇ ತಯಾರಾದ ಕ್ವಾಲಿಸ್ಸು. ಅದೇನೂ ಕಮ್ಮಿ ಅಂದ್ಕೋಬೇಡಿ. ಶುರುವಿನ ಎಸ್‌ಎಸ್80ಗಳು ಜಪಾನಿಂದ ಬಂದ ಬಿಡಿಭಾಗ ಇಲ್ಲಿ ಜೋಡಿಸಿದವು, ಅಂಥ ಗಾಡಿ ಬಿಚ್ಚಿ ಒಳಗೆ ಜಪಾನಿ ಅಕ್ಷರದ ಅಚ್ಚು ಕಂಡಾಗ ನಮ್ ಹುಡುಗ್ರು ಕೆಲಸ ಬಿಟ್ಟು ಬಂದು ನೋಡ್ತಾರೆ.

ಎಥನಾಲ್ ವಿಷ್ಯದಲ್ಲಿ ನಿಮ್ ಆಫೀಸಿನವರು ಪೂರ್ತಿ ಸುಳ್ಳು ಹೇಳಿಲ್ಲ, ಆದ್ರೆ ಪೆಟ್ಟು ಎಲ್ಲಿಗೆ ಬೀಳತ್ತೆ ಅನ್ನೋದನ್ನ ತಪ್ಪು ಹೇಳಿದಾರೆ. 2023ರ ಫೆಬ್ರವರಿಯಲ್ಲಿ ನಮ್ ಬೆಂಗಳೂರಲ್ಲೇ ಇ20, ಅಂದ್ರೆ ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲ್, ಬಿಡುಗಡೆ ಮಾಡಿದ್ರು, ಈಗ ಬಂಕಲ್ಲಿ ಸಾಮಾನ್ಯವಾಗಿ ಸಿಗೋದೇ ಅದು. ಇಂಜಿನ್ ಒಳಗಿನ ಕಬ್ಬಿಣಕ್ಕೆ ಅದರಿಂದ ವರ್ಷದಲ್ಲಿ ಏನೂ ಆಗಲ್ಲ. ಪೆಟ್ಟು ಬೀಳೋದು ರಬ್ಬರಿಗೆ. 80, 90ರ ದಶಕದ ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಾಮು, ಪೆಟ್ರೋಲಿಗೆ ಗಾಳಿ ಬೆರೆಸೋ ಕಾರ್ಬೊರೇಟರ್ ಒಳಗಿನ ಓ ರಿಂಗು, ಇವೆಲ್ಲ ಊದ್ಕೊಳ್ಳತ್ತೆ, ಮೆತ್ತಗಾಗತ್ತೆ, ಬಿರುಕು ಬಿಡತ್ತೆ. ಎರಡನೇದು, ಎಥನಾಲ್ ಗಾಳಿಯಲ್ಲಿರೋ ನೀರು ಎಳ್ಕೊಳ್ಳತ್ತೆ. ಎರಡು ತಿಂಗಳು ಗಾಡಿ ಮಲಗಿಸಿದ್ರೆ ಆ ನೀರು ಟ್ಯಾಂಕಿನ ತಳ ಸೇರಿ ಅಲ್ಲಿ ತುಕ್ಕು ಹಿಡ್ಸತ್ತೆ. ಮೂರನೇದು, ಟ್ಯಾಂಕಲ್ಲಿ 30 ವರ್ಷದಿಂದ ಅಂಟ್ಕೊಂಡಿರೋ ಜಿಡ್ಡನ್ನ ಕರಗಿಸಿ ತಂದು ಫಿಲ್ಟರಿಗೆ, ಕಾರ್ಬೊರೇಟರಿನ ಸಣ್ಣ ತೂತಿಗೆ ಕೂರಿಸತ್ತೆ, ಗಾಡಿ ಫ್ಲೈಓವರ್ ಮೇಲೆ ಕೆಮ್ಮಿ ನಿಂತು ಬಿಡತ್ತೆ. ಇದಕ್ಕೆ ಮಾಡ್ಬೇಕಾಗಿರೋದು ಇಷ್ಟೇ, ಗಾಡಿ ತಗೊಂಡ ಮೊದಲ ವಾರ ಟ್ಯಾಂಕ್ ಇಳಿಸಿ ತೊಳೆಸಿ, ಎಥನಾಲ್ ತಡೆಯೋ ಹೊಸ ಪೈಪ್ ಹಾಕ್ಸಿ, ಕಾರ್ಬೊರೇಟರ್ ಇರೋ ಗಾಡಿ ಆದ್ರೆ ಅದರ ಕಿಟ್ ಬದಲಾಯಿಸಿ ಟ್ಯೂನಿಂಗ್ ಮಾಡ್ಸಿ, ಫಿಲ್ಟರ್ ಮೊದಲ ವರ್ಷ ಮೂರು ತಿಂಗಳಿಗೊಂದು ಹಾಕಿ. ವಾರಕ್ಕೊಮ್ಮೆ ಅರ್ಧ ಗಂಟೆಯಾದ್ರೂ ಓಡಿಸಿ, ನಿಲ್ಸಿರುವಾಗ ಟ್ಯಾಂಕ್ ಆದಷ್ಟು ತುಂಬಿರ್ಲಿ. ಪೈಪಿನ ಕೆಲಸ ಮಾತ್ರ ನಾಳೆ ಮಾಡೋಣ ಅಂತ ಬಿಡ್ಬೇಡಿ, ಒಣಗಿದ ಪೈಪು ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿಸಿ ಗಾಡಿ ಹೊತ್ತಿ ಉರಿದಿದ್ದನ್ನ ನಾನು ಕಣ್ಣಾರೆ ನೋಡಿದೀನಿ.

ಇನ್ನು ಸಿಟಿ ವಿಟೆಕ್. ಅದನ್ನ ಓಡಿಸಿದವರು ಮರೆಯಲ್ಲ, 1.5 ಲೀಟರ್, 106 ಎಚ್‌ಪಿ, ಆ ಕಾಲದಲ್ಲಿ ಈ ಸೈಜಿನ ಬೇರೆ ಕಾರು ಅದರ ಹಿಂದೆ ಬರೋಕೆ ಕಷ್ಟ ಪಡ್ತಿತ್ತು, ಆರ್‌ಪಿಎಂ ಮೇಲೇರಿದಾಗ ಸದ್ದು ಬದಲಾಗೋದು ಕೇಳೋಕೇ ಜನ ಗೇರ್ ಇಳಿಸ್ತಿದ್ರು. ಅದೇ ಅದರ ಶತ್ರು ಆಗಿದ್ದು. ಹಾಗೆ ಹಿಂಡಿಸಿಕೊಂಡ ಗಾಡಿಗಳೇ ಜಾಸ್ತಿ ಉಳಿದಿರೋದು. ನಿಮಗೆ ಸಿಕ್ಕಿರೋದ್ರಲ್ಲಿ ಸೈಲೆನ್ಸರ್, ಸಸ್ಪೆನ್ಷನ್ ಬದಲಾಗಿದೆ ಅಂದ್ರೆ ಇಂಜಿನ್ನೂ ಬದಲಾಗಿರಬಹುದು, 1.3ರ ಗಾಡಿಗೆ ವಿಟೆಕ್ ಇಂಜಿನ್ ಕೂರಿಸಿ ಹಿಂದೆ ಸ್ಟಿಕ್ಕರ್ ಅಂಟಿಸಿರೋದು ಎಷ್ಟೋ ಇದೆ. ಆರ್‌ಸಿಯಲ್ಲಿರೋ ಇಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ಗಾಡಿ ಮೇಲೆ ಪಂಚ್ ಆಗಿರೋದ್ರ ಜೊತೆ ಒಂದೊಂದೇ ಅಕ್ಷರ ಹಿಡಿದು ಹೋಲಿಸಿ, ಆರ್‌ಟಿಓ ಇನ್ಸ್‌ಪೆಕ್ಟರ್ ಥರಾನೇ ಪೇಪರ್ ಇಟ್ಟು ಪೆನ್ಸಿಲಲ್ಲಿ ಉಜ್ಜಿ ಟ್ರೇಸಿಂಗ್ ತಗೊಳ್ಳಿ. ಹೊಂದ್ಲಿಲ್ಲ ಅಂದ್ರೆ ಎಷ್ಟೇ ಕಮ್ಮಿಗೆ ಬಂದ್ರೂ ಬೇಡ. ಮೋಟಾರ್ ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಎಫ್‌ಸಿಗೆ ಹೋದಾಗ ಹಿಡಿದ್ರೆ ಸಿಕ್ಕಿಹಾಕಿಕೊಳ್ಳೋದು ನೀವು, ಆಕ್ಸಿಡೆಂಟ್ ಆದಾಗ ಇನ್ಶೂರೆನ್ಸ್‌ನವರು ಕೈ ಎತ್ತೋಕೂ ಅದೇ ದಾರಿ. ಮಾಡಿಫೈ ಮಾಡಿದವರು ಕಿತ್ತ ಒರಿಜಿನಲ್ ಪಾರ್ಟ್ ಇಟ್ಟಿದಾರಾ ಕೇಳಿ, ಇದ್ರೆ ಗಾಡಿ ಜೊತೆ ಅವೂ ಬರ್ಬೇಕು.

ಸಿಟಿಯಲ್ಲಿ ವಾಲ್ವನ್ನ ಪಿಸ್ಟನ್ ಜೊತೆ ತಾಳಕ್ಕೆ ಓಡಿಸೋ ಟೈಮಿಂಗ್ ಬೆಲ್ಟ್ ಇರತ್ತೆ, ಚೈನ್ ಅಲ್ಲ. ಬೆಲ್ಟ್ ತುಂಡಾದ್ರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯತ್ತೆ, ಅಲ್ಲಿಗೆ ಹೆಡ್ ಕೆಲಸ. ಯಾವಾಗ ಹಾಕಿದ್ರು ಅನ್ನೋಕೆ ಬಿಲ್ ಇಲ್ಲ ಅಂದ್ರೆ ಹಾಕೇ ಇಲ್ಲ ಅಂತ ಲೆಕ್ಕ. ಇನ್ನೊಂದು ಕಾಯಿಲೆ ಹೇಳ್ತೀನಿ, ಗೊತ್ತಿದ್ರೆ ನಿಮ್ ದುಡ್ಡು ಉಳಿಯತ್ತೆ. ಒಂದು ಏಪ್ರಿಲಲ್ಲಿ ಒಬ್ರು ಚಿತ್ರದುರ್ಗದಿಂದ ಫೋನ್ ಮಾಡಿದ್ರು, ಊಟಕ್ಕೆ ಅಂತ ಬಿಸಿಲಲ್ಲಿ ನಿಲ್ಸಿದ್ರಂತೆ, ವಾಪಸ್ ಬಂದು ಸೆಲ್ಫ್ ಹೊಡೆದ್ರೆ ಇಂಜಿನ್ ಸುತ್ತತ್ತೆ, ಹತ್ತಿಕೊಳ್ಳಲ್ಲ. ಅಲ್ಲಿನ ಮೆಕ್ಯಾನಿಕ್ ಪೆಟ್ರೋಲ್ ಪಂಪ್ ಹೋಗಿದೆ, ಎಂಟು ಸಾವಿರ ಅಂದಿದ್ದ. ನಾನು ಕೇಳಿದೆ, ಕೀ ಆನ್ ಮಾಡಿದಾಗ ಹಿಂದೆ ಟ್ಯಾಂಕ್ ಕಡೆಯಿಂದ ಎರಡು ಸೆಕೆಂಡ್ ಸಣ್ಣಗೆ ಜುಯ್ ಅನ್ನೋ ಸದ್ದು ಬರತ್ತಾ ಅಂತ. ಬರ್ತಿಲ್ಲ ಅಂದ್ರು. ಹಾಗಿದ್ರೆ ಎಲ್ಲಾ ಗ್ಲಾಸ್ ಇಳಿಸಿ, ಬಾಗಿಲು ತೆಗೆದು ಅರ್ಧ ಗಂಟೆ ನೆರಳಲ್ಲಿ ಬಿಡಿ ಅಂದೆ. ಅರ್ಧ ಗಂಟೆ ಆದ್ಮೇಲೆ ಒಂದೇ ಸೆಲ್ಫಿಗೆ ಸ್ಟಾರ್ಟು. ಡ್ಯಾಶ್‌ಬೋರ್ಡ್ ಕೆಳಗೆ ಮೇನ್ ರಿಲೇ ಅಂತ ಒಂದು ಸಣ್ಣ ಡಬ್ಬ ಇರತ್ತೆ, ಆ ಕಾಲದ ಹೋಂಡಾಗಳಲ್ಲಿ ಅದರ ಬೆಸುಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿರತ್ತೆ, ಬಿಸಿಗೆ ಬಾಯಿ ಬಿಡತ್ತೆ, ತಣ್ಣಗಾದ್ರೆ ಕೂಡ್ಕೊಳ್ಳತ್ತೆ. ಬೆಂಗಳೂರಿಗೆ ಬಂದ್ಮೇಲೆ ಬಿಚ್ಚಿ ಬೆಸುಗೆ ಹಾಕಿದ್ವಿ, ಹತ್ತು ನಿಮಿಷದ ಕೆಲಸ.

ಜಿಪ್ಸಿ ಬಗ್ಗೆ ಚಿಕ್ಕದಾಗಿ ಹೇಳ್ತೀನಿ, ಯಾಕಂದ್ರೆ ನಿಮ್ಮ ಮೊದಲ ಗಾಡಿಗೆ ನಾನು ಅದನ್ನ ಬೇಡ ಅನ್ನೋನು. ಚಾಸಿ ಗಟ್ಟಿ, 1.3 ಇಂಜಿನ್ ಗಟ್ಟಿ, ಕೊಡಗಿನ ತೋಟದವರಿಗೆ ಅದು ಮನೆ ಮಗ ಇದ್ದಂಗೆ. ಆದ್ರೆ ತೋಟದ ಕೆಸರು, ಆರು ತಿಂಗಳ ಮಳೆ ಅಂದ್ರೆ ಚಾಸಿಯ ಒಳಗಡೆ, ಬಾಡಿ ಕೂರೋ ಮೌಂಟ್ ಹತ್ರ ಏನಾಗಿದೆ ಅಂತ ಸುತ್ತಿಗೆಯಲ್ಲಿ ತಟ್ಟಿಯೇ ನೋಡ್ಬೇಕು. 60-70 ಸ್ಪೀಡಲ್ಲಿ ಸ್ಟೇರಿಂಗ್ ಗಡಗಡ ನಡುಗಿದ್ರೆ ವೀಲ್ ಬ್ಯಾಲೆನ್ಸಿಂಗ್ ಅಂತ ಸಮಾಧಾನ ಮಾಡ್ತಾರೆ, ಮುಂದಿನ ಆಕ್ಸಲಿನ ಕಿಂಗ್‌ಪಿನ್ ಬೇರಿಂಗ್ ಹೋಗಿರತ್ತೆ. ನಾಲ್ಕೂ ಕಡೆ ಪ್ಲೇಟ್ ಸ್ಪ್ರಿಂಗು, ಬೆಂಗಳೂರಿನ ಹಂಪಿನ ಮೇಲೆ ದಿನಾ ಓಡಿಸಿದ್ರೆ ಸೊಂಟ ಹೇಳತ್ತೆ. ಹರಾಜಲ್ಲಿ ಬಂದ ಸರ್ಕಾರಿ ಜಿಪ್ಸಿಯಾ ಅಂತ ಮೊದ್ಲೇ ಕೇಳಿ, 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ಗಾಡಿಗಳ ರಿಜಿಸ್ಟ್ರೇಷನ್ ರಿನ್ಯೂ ಆಗಲ್ಲ, ಖಾಸಗಿ ಹೆಸರಿಗೆ ಮುಂಚೆಯೇ ಸರಿಯಾಗಿ ವರ್ಗಾವಣೆ ಆಗಿದ್ಯಾ ನೋಡ್ಬೇಕು. ಮಿಲಿಟರಿ ಹಸಿರು ಬಣ್ಣ ಇದ್ರೆ ಅದೂ ನಡೆಯಲ್ಲ, ಆ ಬಣ್ಣ ಸೇನೆಗೆ ಮಾತ್ರ.

ನಾನು ನಿಮ್ ಜಾಗದಲ್ಲಿದ್ರೆ 4 ಲಕ್ಷದಲ್ಲಿ ಗಾಡಿಗೆ ಅಂತ ಇಡೋದು 2.5 ಮಾತ್ರ. ಉಳಿದ ಒಂದೂವರೆ ಮೊದಲ ವರ್ಷದ ಕೆಲಸಕ್ಕೆ. ಬೆಲ್ಟು, ಪೈಪು, ಎಲ್ಲಾ ಆಯಿಲ್ಲು, ಬ್ರೇಕು, ರೇಡಿಯೇಟರು, ಐದು ಟಯರು, ರಿನ್ಯೂವಲ್ಲು, ಇನ್ಶೂರೆನ್ಸು, ಇದರಲ್ಲಿ ಯಾವುದನ್ನೂ ಬಿಡೋಕಾಗಲ್ಲ. ಟಯರ್ ಸವೆದಿಲ್ಲ ಅಂದ್ರೂ ಅದರ ಮೇಲಿನ ತಯಾರಿಕೆ ವಾರ, ವರ್ಷ ನೋಡಿ, ಹತ್ತು ವರ್ಷದ ಟಯರ್ ಕಲ್ಲಾಗಿರತ್ತೆ, ಮಳೆಯಲ್ಲಿ ಹಿಡಿಯಲ್ಲ. 3.8 ಲಕ್ಷ ಕೊಟ್ಟು ಜಿಪ್ಸಿ ತಂದ್ರೆ ಇದ್ಯಾವುದಕ್ಕೂ ಕೈಯಲ್ಲಿ ದುಡ್ಡಿರಲ್ಲ, ಗಾಡಿ ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ಕವರ್ ಹೊದ್ಕೊಂಡು ಮಲಗತ್ತೆ, ನೋಡಿದಾಗೆಲ್ಲ ನಿಮ್ ಹೊಟ್ಟೆ ಉರಿಯತ್ತೆ.

ಎಸ್‌ಎಸ್80 ತಗೊಂಡ್ರೆ ಅದು ಭಾನುವಾರದ ಗಾಡಿ, ದಿನಾ ಆಫೀಸಿಗೆ ಅಲ್ಲ, ಒಂದು ಸಣ್ಣ ಗುದ್ದು ಬಿದ್ರೂ ಪಾರ್ಟ್ ಹುಡುಕೋಕೆ ಅಲೆದಾಟ. ಕಾಗದ ಸರಿ ಇದ್ದು, ತಳ ಗಟ್ಟಿ ಇದ್ರೆ ಬೆಲೆ ಬಿದ್ದು ಹೋಗೋ ಭಯ ಮಾತ್ರ ಕಮ್ಮಿ, ಯಾಕಂದ್ರೆ ಇರೋದೇ ಸ್ವಲ್ಪ. ಸಿಟಿಯಲ್ಲಿ, ಮುಟ್ಟದೇ ಇರೋ ಒರಿಜಿನಲ್ 1.5 ಸಿಕ್ಕಿದ್ರೆ, ಅದು ವಿಟೆಕ್ ಅಲ್ಲದ 100 ಎಚ್‌ಪಿಯ ಗಾಡಿ ಆದ್ರೂ ಪರವಾಗಿಲ್ಲ, ಧೈರ್ಯವಾಗಿ ತಗೊಳ್ಳಿ, ಎಸಿ ಇದೆ, ಹೈವೇಯಲ್ಲಿ ದಾವಣಗೆರೆಗೆ ಹೋಗಿ ಬರಬಹುದು. ನೀವು ಕೇಳದೇ ಇರೋ ನಾಲ್ಕನೇ ದಾರಿ ಒಂದಿದೆ, ನಂಗೆ ಅದೇ ಜಾಸ್ತಿ ಇಷ್ಟ. 90ರ ದಶಕದ ಕಾರ್ಬೊರೇಟರ್ ಇರೋ ಮಾರುತಿ ಝೆನ್. 993 ಸಿಸಿ, 50 ಎಚ್‌ಪಿ, ಕೂತ್ರೆ ನೆಲಕ್ಕೆ ಹತ್ರ, ತಿರುವಲ್ಲಿ ಗೋಕಾರ್ಟ್ ಥರ ತಿರುಗತ್ತೆ, ಇಲ್ಲಿಂದ ಯುರೋಪಿಗೆ ಆಲ್ಟೊ ಅನ್ನೋ ಹೆಸರಲ್ಲಿ ಹೋಗ್ತಿದ್ದ ಗಾಡಿ ಅದು. ಒಂದು, ಒಂದೂವರೆ ಲಕ್ಷದೊಳಗೆ ಒಳ್ಳೇ ಪೀಸ್ ಇನ್ನೂ ಸಿಗತ್ತೆ, ಕಲಬುರಗಿ, ವಿಜಯಪುರ, ರಾಯಚೂರು, ನಿಮ್ ದಾವಣಗೆರೆ ಕಡೇನೇ ಹುಡುಕಿ, ರಿಟೈರ್ಡ್ ಮೇಷ್ಟ್ರು, ಡಾಕ್ಟ್ರು ಮನೆಗಳಲ್ಲಿ ಶೆಡ್ಡಲ್ಲಿ ನಿಂತಿರತ್ತೆ. ಬಿಸಿಲಿಗೆ ಪೇಂಟು ಸತ್ತಿರತ್ತೆ, ಸೀಟು ಸೀಳಿರತ್ತೆ, ತಳ ಮಾತ್ರ ಕಲ್ಲಿನಷ್ಟು ಗಟ್ಟಿ. ಅಂಥದ್ರಲ್ಲಿ ಎರಡು ವರ್ಷ ಕೈ ಕಪ್ಪು ಮಾಡ್ಕೊಂಡು ಕಲೀರಿ, ಪ್ಲಗ್ ಬಿಚ್ಚೋದು, ಸದ್ದು ಕೇಳಿ ಕಾಯಿಲೆ ಹಿಡಿಯೋದು. ಆಮೇಲೆ ದೊಡ್ಡಪ್ಪನ ಥರದ್ದು ಒಂದು ಎಸ್‌ಎಸ್80 ಬೇಕು ಅಂದ್ರೆ ಆಗ ಅದರ ಮುಂದೆ ನಿಂತಾಗ ನಿಮ್ ಕಣ್ಣೇ ಬೇರೆ ಇರತ್ತೆ.

ಮಂಗಳೂರಿನ ಗಾಡಿ ನೋಡ್ಬೇಡಿ ಅಂತ ನಾನು ಹೇಳಲ್ಲ. ಕೆಲವರು ಅಲ್ಲೂ ಮನೆಯೊಳಗೆ ಇಟ್ಟು ಮಗು ಥರ ಸಾಕಿರ್ತಾರೆ, ಅಂಥದ್ದೇ ಆಗಿದ್ರೆ ನಿಮ್ ಅದೃಷ್ಟ. ನೀವು ಮಾಡ್ಬೇಕಾಗಿರೋದು ಶನಿವಾರ ರಾತ್ರಿ ಅವರಿಗೆ ಫೋನ್ ಮಾಡಿ, 'ಬೆಳಗ್ಗೆ ನಾನು ಬರೋವರೆಗೂ ಗಾಡಿ ಸ್ಟಾರ್ಟ್ ಮಾಡ್ಬೇಡಿ' ಅಂತ ಹೇಳೋದು. ಹೋದ ತಕ್ಷಣ ಬಾನೆಟ್ ಮೇಲೆ ಅಂಗೈ ಇಡಿ. ಬಿಸಿ ಇದ್ರೆ ಯಾಕೆ ಅಂತ ಕೇಳಿ. ತಣ್ಣಗಿದ್ರೆ ಯಾರಾದ್ರೂ ಒಬ್ರನ್ನ ಸೆಲ್ಫ್ ಹೊಡೆಯೋಕೆ ಹೇಳಿ ನೀವು ಸೈಲೆನ್ಸರ್ ಹಿಂದೆ ನಿಂತ್ಕೊಳ್ಳಿ. ಮೊದಲ ಹೊಗೆ ನೀಲಿ ಬಂದು ಒಂದು ನಿಮಿಷದಲ್ಲಿ ನಿಂತ್ರೆ ವಾಲ್ವ್ ಸೀಲು, ಅದು ದೊಡ್ಡ ಖರ್ಚಲ್ಲ. ಆಕ್ಸಿಲರೇಟರ್ ಕೊಟ್ಟಾಗೆಲ್ಲ ನೀಲಿ ಬರ್ತಾನೇ ಇದ್ರೆ ರಿಂಗು ಹೋಗಿದೆ, ಅದೂ ಕೈಗೆ ಸಿಗೋ ಖರ್ಚೇ, ಅಷ್ಟನ್ನ ರೇಟಲ್ಲಿ ಇಳಿಸಿಕೊಳ್ಳಿ. ಬಿಳಿ ಹೊಗೆ ಇಂಜಿನ್ ಬಿಸಿಯಾದ್ಮೇಲೂ ನಿಲ್ಲದೆ, ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆ ಥರ ಕಟ್ಟಿದ್ರೆ ಹೆಡ್ ಗ್ಯಾಸ್ಕೆಟ್ಟು. ಇವೆಲ್ಲ ಆದ್ಮೇಲೆ ಕಾರ್ಪೆಟ್ ಎತ್ತಿ ತೋರಿಸಿ ಅಂತ ಕೇಳಿ. ಎತ್ತಿದ್ರೆ ಟಾರ್ಚ್ ಬಿಟ್ಟು ಫೋಟೋ ತೆಗೆದು ನಂಗೆ ಕಳ್ಸಿ, ನೋಡಿ ಹೇಳ್ತೀನಿ. 'ಅದೆಲ್ಲಾ ಬೇಡ ಬಿಡಿ, ಚೆನ್ನಾಗಿದೆ' ಅಂದ್ರೆ ಅವರಿಗೊಂದು ನಮಸ್ಕಾರ ಹೇಳಿ, ಮಧ್ಯಾಹ್ನ ಮೀನೂಟ ಮುಗಿಸ್ಕೊಂಡು ಶಿರಾಡಿ ಘಾಟ್ ಹತ್ತಿ ವಾಪಸ್ ಬನ್ನಿ.